ಗುಬ್ಬಿಯಲ್ಲಿ ಮನೆಯಿದ್ದ ಓನರ್ರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ತುಮಕೂರು ಸತ್ಯಮಂಗಲದ ನಮ್ಮ ಫ್ಯಾಕ್ಟರಿಯಲ್ಲಿ ಅರ್ಧ ಜನಕ್ಕೆ ಯಾರೆಂದು ತಿಳಿಯುವುದಿಲ್ಲ. ಗೇಟಿನ ವಾಚ್‌ಮನ್‌ನಿಂದ ಹಿಡಿದು ಕ್ಯಾಂಟೀನಿನಲ್ಲಿ ಟೀ ಕೊಡುವ ಹೆಂಗಸಿನವರೆಗೆ ಎಲ್ಲರ ಬಾಯಲ್ಲೂ ಅವರು ಓನರ್ರು. ಫ್ಯಾಕ್ಟರಿಯ ನಿಜವಾದ ಮಾಲೀಕರು ಬೇರೆ. ಆ ಮಾಲೀಕರೂ ಸ್ಟೋರ್ಸ್ ಬಾಗಿಲಲ್ಲಿ ನಿಂತು, "ಏನ್ ಓನರ್ರೇ, ಬೋಲ್ಟು ಬಂತಾ?" ಎಂದೇ ಕೇಳುತ್ತಿದ್ದರು. ನಮ್ಮ ಓನರ್ರು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ನೌಕರ. ಗುಬ್ಬಿಯಲ್ಲಿ ಅವರದೊಂದು ಮನೆ ಇತ್ತು, ಅದನ್ನು ಬಾಡಿಗೆಗೆ ಕೊಟ್ಟಿದ್ದರು, ಅಷ್ಟಕ್ಕೇ ಆ ಪಟ್ಟ ಸಿಕ್ಕಿತ್ತು. ತಾವು ಮಾತ್ರ ಕೆಲಸಕ್ಕೆ ಹತ್ತಿರವೆಂದು ತುಮಕೂರಿನಲ್ಲಿ ಬೇರೆಯವರ ಮನೆಯಲ್ಲಿ ಬಾಡಿಗೆಗಿದ್ದರು. ಹೋದ ತಿಂಗಳು ತೀರಿಕೊಂಡರು.

ನಾನು ಅದೇ ಫ್ಯಾಕ್ಟರಿಯ ಅಕೌಂಟ್ಸ್‌ನಲ್ಲಿರುವವನು. ಸ್ಟೋರ್ಸಿಗೂ ನನ್ನ ಮೇಜಿಗೂ ನಡುವೆ ಒಂದು ಗಾಜಿನ ಕಿಟಕಿ ಅಷ್ಟೇ. ಆ ಕಿಟಕಿಯಲ್ಲಿ ತಲೆ ತೂರಿಸಿ ಅವರು ಆಡಿದ ಮಾತುಗಳನ್ನೆಲ್ಲ ನೆನೆಸಿಕೊಂಡರೆ ಈಗ ನಗುವೂ ಬರುತ್ತದೆ, ಸುಸ್ತೂ ಆಗುತ್ತದೆ.

ಯಾರ ಮನೆಗೆ ಹೋದರೂ ಅವರು ಮೊದಲು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನೋಡುವವರು. ಆಮೇಲೆ ಬೆರಳಿನ ಗೆಣ್ಣಿನಿಂದ ಗೋಡೆ ಕುಟ್ಟಿ ಕಿವಿಗೊಡುವುದು, ತಲೆಯೆತ್ತಿ ತಾರಸಿಯಲ್ಲಿ ನೀರು ಸೋರಿದ ಕಲೆ ಹುಡುಕುವುದು. ನನ್ನ ಮಗಳ ನಾಮಕರಣಕ್ಕೆ ಬಂದವರು ಮಗುವಿನ ಮುಖ ನೋಡುವ ಮೊದಲು ಸಂಪಿನ ಮುಚ್ಚಳ ತೆಗೆದು ನೋಡಿದ್ದರು. "ಮಗು ಎಲ್ಲೋಯ್ತದೆ, ಆಮೇಲೆ ನೋಡಾನ. ಇಲ್ನೋಡಿ, ಸಂಪಲ್ಲಿ ಪಾಚಿ ಕಟ್ಟೈತೆ" ಎಂದರಂತೆ. ನಾವು ಆ ಮನೆಯಲ್ಲಿ ಬಾಡಿಗೆಗಿದ್ದವರು, ಈಗಲೂ ಅಲ್ಲೇ ಇದ್ದೇವೆ. ಪಾಚಿ ಆ ಮನೆಯ ಮಾಲೀಕರು ತೆಗೆಸಬೇಕಾದದ್ದು. ಆದರೂ ಮಗುವಿಗಿಂತ ಪಾಚಿ ಮೊದಲು ಕಂಡಿತಲ್ಲ ಎಂದು ನನ್ನ ಹೆಂಡತಿ ಸುಮ ಇವತ್ತಿಗೂ ಸಿಟ್ಟು ಮಾಡಿಕೊಳ್ಳುತ್ತಾಳೆ.

"ಮನೆ ಕಟ್ಟಿ ನೋಡು, ಮದ್ವೆ ಮಾಡಿ ನೋಡು ಅಂದ್ಬುಟ್ಟು ದೊಡ್ಡೋರು ಅಲ್ಲಿಗೇ ನಿಲ್ಲಿಸ್ಬುಟ್ರು ಕಣಯ್ಯ. ಬಾಡಿಗೆಗೆ ಕೊಟ್ಟು ನೋಡು ಅಂತ ಒಂದು ಸೇರಿಸ್ಬೇಕಿತ್ತು" ಎಂದು ಅವರು ಆಗಾಗ ಹೇಳುತ್ತಿದ್ದರು. ಹೇಳಿ ತಾವೇ ನಕ್ಕು ಕಿಟಕಿಯಿಂದ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಅವರು ಮನೆ ಬಾಡಿಗೆಗೆ ಕೊಡುತ್ತಿದ್ದ ರೀತಿಯೇ ಬೇರೆ. ಮಿಕ್ಕ ಓನರುಗಳು ಆಧಾರ್ ಕಾರ್ಡು ಕೇಳುತ್ತಾರೆ, ಅಡ್ವಾನ್ಸು ಹೇಳುತ್ತಾರೆ, ನೀವು ವೆಜ್ಜಾ ನಾನ್‌ವೆಜ್ಜಾ ಎನ್ನುತ್ತಾರೆ. ಇವರು ಮನೆ ಕೇಳಿಕೊಂಡು ಬಂದವರನ್ನು ಕೂರಿಸಿ, "ಯಾವೂರು?" ಎಂದು ಶುರು ಮಾಡುತ್ತಿದ್ದರು. ಊರಾಯಿತು, ಯಾರ ಮನೆತನ, ಯಾವ ಮಠಕ್ಕೆ ನಡೆದುಕೊಳ್ಳುವವರು, ತಾಯಿಯ ತವರು ಯಾವುದು, ಅಕ್ಕತಂಗಿಯರನ್ನು ಎಲ್ಲೆಲ್ಲಿಗೆ ಕೊಟ್ಟಿದೆ. ಎಲ್ಲೋ ಒಂದು ಕಡೆ ಸಂಬಂಧದ ಎಳೆ ಸಿಗುವವರೆಗೆ ಬಿಡುತ್ತಿರಲಿಲ್ಲ. ನಮ್ಮ ಕಡೆ ಕೆದಕುತ್ತಾ ಹೋದರೆ ಅದು ಸಿಗದೇ ಇರುವುದೂ ಇಲ್ಲ.

ಒಮ್ಮೆ ಮಾತ್ರ ಸಿಕ್ಕಿರಲಿಲ್ಲ. ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಕೆಲಸಕ್ಕೆಂದು ಬಂದ ಕೇರಳದ ಹುಡುಗನೊಬ್ಬ ಆ ಮನೆಯಲ್ಲಿದ್ದ. ಬಾಡಿಗೆ ತಾರೀಕಿಗೆ ಸರಿಯಾಗಿ ಬರುತ್ತಿತ್ತು. ಖಾಲಿ ಮಾಡುವಾಗ ಮುಂಚೆಯೇ ತಿಳಿಸಿ, ಗುಡಿಸಿ ಒರೆಸಿ ಕೀಲಿ ಕೊಟ್ಟು ಹೋದ. ಇಂಥ ಬಾಡಿಗೆದಾರ ಸಿಗಲಿ ಎಂದು ಜನ ಹರಕೆ ಹೊರುತ್ತಾರೆ. ಇವರಿಗೆ ಸಮಾಧಾನವಿರಲಿಲ್ಲ. "ಒಂದಿನ ಒಳಕ್ಕೆ ಬನ್ನಿ, ಕಾಫಿ ಕುಡೀರಿ ಅನ್ಲಿಲ್ಲ ಕಣಯ್ಯ. ಅವನಿದ್ದಾಗ್ಲೂ ಮನೆ ಖಾಲಿ ಇದ್ದಂಗೇ ಇತ್ತು" ಎಂದರು.

ಅವನ ನಂತರ ಬಂದವನು ಮಹೇಶ. ಗುಬ್ಬಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ. ಊರು ಕುಣಿಗಲ್ ಕಡೆ. ಹೆಂಡತಿ, ಇಬ್ಬರು ಮಕ್ಕಳು, ತಾಯಿ. ವಿಚಾರಣೆ ನಡೆದು ನಡೆದು, ಅವನ ಸೋದರತ್ತೆಯನ್ನು ಕೊಟ್ಟಿರುವುದು ತಮ್ಮ ದೊಡ್ಡಪ್ಪನ ಮಗನಿಗೇ ಎಂದು ಗೊತ್ತಾದಾಗ ಓನರ್ರು ಕೂತಲ್ಲಿಂದ ಎದ್ದು ನಿಂತರಂತೆ. "ಹಂಗಾದ್ರೆ ನಾನು ನಿಂಗೆ ಮಾವ ಆಗ್ಬೇಕು ಕಣ್ಲಾ!" ಎಂದು ಕೀಲಿ ಕೊಟ್ಟೇಬಿಟ್ಟರು. ಅಗ್ರಿಮೆಂಟ್ ಮಾಡಿಸಿದಿರಾ ಎಂದು ಮಾರನೆಯ ದಿನ ನಾನು ಕೇಳಿದ್ದಕ್ಕೆ, "ಅಳೀನ ಹತ್ರ ಸೈನ್ ಹಾಕಿಸ್ಕೊಳ್ತಾರೇನಯ್ಯ?" ಎಂದು ನನ್ನನ್ನೇ ಗದರಿದರು.

ಅಲ್ಲಿಂದ ಮುಂದೆ ಅವರು ಬಾಡಿಗೆ ತರಲು ಹೋಗುವುದೆಂದರೆ ನೆಂಟರ ಮನೆಗೆ ಹೋಗುವುದು. ಫೋನಿನಲ್ಲೇ ದುಡ್ಡು ಹಾಕಿಸಿಕೊಳ್ಳಿ ಎಂದರೆ ಕೇಳುತ್ತಿರಲಿಲ್ಲ. ಭಾನುವಾರ ಬಸ್ಸು ಹತ್ತಿ ಹೋಗುತ್ತಿದ್ದರು, ನಲ್ಲಿಯ ವಾಷರ್ ತಾವೇ ಬದಲಿಸುತ್ತಿದ್ದರು, ಮಹೇಶನ ತಾಯಿ ಬಡಿದುಕೊಟ್ಟ ರಾಗಿ ರೊಟ್ಟಿಯನ್ನು ಹುಚ್ಚೆಳ್ಳು ಚಟ್ನಿಯಲ್ಲಿ ತಿಂದು ಸಂಜೆಗೆ ಬರುತ್ತಿದ್ದರು. ಸೋಮವಾರ ನಾನು, "ಬಾಡಿಗೆ ಬಂತಾ ಓನರ್ರೇ?" ಎಂದರೆ, "ಅರ್ಧ ಬಂತು. ಮಿಕ್ಕಿದ್ದು ರೊಟ್ಟಿ" ಎನ್ನುತ್ತಿದ್ದರು. ಬಾಡಿಗೆ ಏರಿಸುವ ಮಾತಂತೂ ಎತ್ತಲೇ ಇಲ್ಲ. ಅವರು ಬಾಡಿಗೆಗಿದ್ದ ತುಮಕೂರಿನ ಮನೆಯ ಓನರ್ ಮಾತ್ರ ಪ್ರತಿ ಯುಗಾದಿಗೆ ಹೊಸ ಅಗ್ರಿಮೆಂಟ್ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಅದಕ್ಕೆ ಇವರು ಬೇಜಾರು ಮಾಡಿಕೊಂಡಿದ್ದನ್ನು ನಾನು ನೋಡಲಿಲ್ಲ. "ಓನರ್ ಅಂದ್ರೆ ಅವ್ರು ಕಣಯ್ಯ. ನನ್ನನ್ನ ಸುಮ್ನೆ ಕರೀತೀರ" ಎನ್ನುತ್ತಿದ್ದರು.

ರಿಟೈರಾದ ದಿನ ಶಾಲು ಹೊದಿಸಿದಾಗ ಅವರು ಒಂದೇ ಮಾತು ಹೇಳಿದ್ದು. "ಈ ಯುಗಾದಿಗೆ ಗುಬ್ಬೀಲಿ ಹಾಲು ಉಕ್ಕಿಸ್ತೀವಿ, ಎಲ್ಲರೂ ಬನ್ನಿ." ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿಯ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮಗಳು ಮದುವೆಯಾಗಿ ದಾವಣಗೆರೆಯಲ್ಲಿದ್ದಳು. ಇನ್ನು ಗಂಡ ಹೆಂಡತಿ ಇಬ್ಬರೇ ಹೋಗಿ ಸ್ವಂತ ಮನೆಯಲ್ಲಿ ಇರುವುದು. ಆಕೆ ಆಗಲೇ ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಕಟ್ಟಿಟ್ಟಿದ್ದರು.

ಯುಗಾದಿಗೆ ಮೊದಲೇ ಮಹೇಶನ ತಾಯಿಗೆ ಲಕ್ವ ಹೊಡೆಯಿತು. ಒಂದು ಕಡೆ ಕೈಕಾಲು ಬಿದ್ದುಹೋಯಿತು. ಆಕೆ ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ಖಾಲಿ ಮಾಡಲು ಹೇಳಿದರಾಯಿತು ಎಂದು ಇವರು ಕಾದರು. ಯುಗಾದಿ ಹೋಯಿತು. ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಗೌರಿ ಹಬ್ಬ ಹೋಯಿತು, ದಸರಾ ಹೋಯಿತು. ಪೆಟ್ಟಿಗೆಗಳಿಂದ ಬೇಕಾದ ಪಾತ್ರೆಗಳನ್ನು ಒಂದೊಂದಾಗಿ ಹೊರಗೆ ತೆಗೆದು ಅವರ ಹೆಂಡತಿ ಮತ್ತೆ ಅಡುಗೆ ಮಾಡತೊಡಗಿದರು.

ಹೀಗಿರುವಾಗ ನನಗೂ ಮನೆಯ ಚಿಂತೆ ಹತ್ತಿಕೊಂಡಿತು. ಕುಣಿಗಲ್ ಹತ್ತಿರ ನಮ್ಮ ಅಪ್ಪನ ಪಾಲಿಗೆ ಬಂದಿದ್ದ ಹೊಲ ಮಾರಾಟವಾಗಿ ಕೈಗೆ ದುಡ್ಡು ಬಂದಿತ್ತು. ತುಮಕೂರಿನಲ್ಲಿ ಕೊಳ್ಳುವಷ್ಟಿರಲಿಲ್ಲ. ಬೇರೆ ಕಡೆ ಒಂದು ಮನೆ ಕೊಂಡು ಬಾಡಿಗೆಗೆ ಕೊಡುವುದೆಂದು ತೀರ್ಮಾನಿಸಿದೆವು. ಎಲ್ಲಿ ಎಂಬುದೇ ಬಗೆಹರಿಯಲಿಲ್ಲ. ಗುಬ್ಬಿಯಲ್ಲಿ ಒಂದು ಹಳೆಯ ಮನೆ ಇತ್ತು. ಇನ್ನೊಂದು, ರಾಜ್ಯ ದಾಟಿ ತಮಿಳುನಾಡಿನ ಹೊಸೂರಿನಲ್ಲಿ ಒಂದು ಫ್ಲ್ಯಾಟು. ಹೊಸೂರಿನಲ್ಲಿ ಫ್ಯಾಕ್ಟರಿಗಳು ಹೆಚ್ಚು, ಬಾಡಿಗೆ ಹೆಚ್ಚು, ಮನೆ ಖಾಲಿ ಬೀಳುವುದಿಲ್ಲ ಎಂದು ಏಜೆಂಟ್ ದಿನಾ ಫೋಟೋ ಕಳಿಸುತ್ತಿದ್ದ. ಸುಮ, "ಕಣ್ಣಿಗೆ ಕಾಣೋಹಂಗೆ ಇರ್ಲಿ, ನಮ್ಗೆ ಭಾಷೆ ಬರ್ದೇ ಇರೋ ಕಡೆ ಯಾಕೆ?" ಎನ್ನುತ್ತಿದ್ದಳು. ನಮ್ಮ ಜೊತೆಯಲ್ಲೇ ಇರುವ ಅಮ್ಮ, "ಹೊಲದ ದುಡ್ಡು ಕಣಪ್ಪ, ಹುಷಾರು" ಎಂದಷ್ಟೇ ಹೇಳಿ ಸುಮ್ಮನಾಗಿದ್ದಳು. ವಯಸ್ಸು ನಲವತ್ತು ದಾಟಿದ ಮೇಲೆ ಮೊದಲ ಸಲ ಇಂಥದ್ದಕ್ಕೆ ಕೈ ಹಾಕಿದವನಿಗೆ ಎಲ್ಲರ ಮಾತೂ ಸರಿಯೆನಿಸುತ್ತದೆ. ನಾನು ಓನರ್ರನ್ನು ಕೇಳಿದೆ.

"ಭಾನ್ವಾರ ನನ್ ಜೊತೆ ಗುಬ್ಬಿಗೆ ಬಾ. ನಿನ್ ಮನೆಯೂ ನೋಡಾನ, ನಂದೂ ಒಂದು ಮಾತಾಡೋದದೆ. ಮಹೇಶಂಗೆ ಫೋನ್ ಮಾಡಿವ್ನಿ. ಈ ಸಲ ಹೇಳೇಬುಡ್ತೀನಿ" ಎಂದರು.

ಹೋದೆವು. ನಡುಮನೆಯಲ್ಲೇ ಮಂಚ ಹಾಕಿ ಮಹೇಶನ ತಾಯಿಯನ್ನು ಮಲಗಿಸಿದ್ದರು. ಓನರ್ರನ್ನು ಕಂಡದ್ದೇ ಆಕೆ ಸೊಟ್ಟಗಾದ ಬಾಯಲ್ಲೇ, "ಅಣ್ಣ ಬಂದ್ಯಾ" ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, ಆಡುತ್ತಿದ್ದ ಒಂದು ಕೈಯನ್ನು ತಟ್ಟುವಂತೆ ತೋರಿಸಿದರು. ರೊಟ್ಟಿ ಬಡಿ ಎಂದು ಅದರ ಅರ್ಥ. ಓನರ್ರು ತಲೆ ತಗ್ಗಿಸಿ ಕೂತರು. ಮಹೇಶ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ನಿಂತ.

"ಏನೋ ಹೇಳ್ಬೇಕು ಅಂದ್ರಲ್ಲ ಮಾವ, ಫೋನಲ್ಲಿ?"

ಓನರ್ರು ತಾರಸಿ ನೋಡಿದರು. ಎದ್ದು ಹೋಗಿ ಗೋಡೆ ಕುಟ್ಟಿದರು.

"ಆ ಮೂಲೇಲಿ ಮಳೆ ಬಂದ್ರೆ ಸೋರ್ತದೇನೋ ಅಂತ ಕೇಳಾನ ಅಂತ" ಎಂದರು.

"ಇಲ್ಲ ಮಾವ."

"ಹಂಗಾದ್ರೆ ಸರಿ ಬುಡು."

ರೊಟ್ಟಿ ಬಂತು, ತಿಂದೆವು. ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ನಿಮ್ಮನೇಲಿ ಅಮ್ಮೋರು ಕಾಯ್ತಾ ಇದಾರಲ್ಲ ಸಾರ್, ಅವರಿಗೇನು ಹೇಳ್ತೀರಿ?" ಎಂದೆ. ಸ್ವಲ್ಪ ಜೋರಾಗಿಯೇ ಎಂದೆ. ಅವರು ನಡೆಯುತ್ತಲೇ, "ಮಾವ ಅಂತ ನಾನೇ ಕರೆಸ್ಕೊಂಡೆ ಕಣಯ್ಯ. ಹಾಸಿಗೆ ಹಿಡ್ದಿರೋ ಬೀಗಿತ್ತೀನ ಯಾವ ಬಾಯಲ್ಲಿ ಎಬ್ಬಿಸ್ಲಿ? ನನ್ ಹೆಂಡ್ತಿಗಾದ್ರೆ ಕಾಲಾದ್ರೂ ಆಡ್ತವೆ" ಎಂದರು. ಬಸ್‌ಸ್ಟ್ಯಾಂಡಿಗೆ ಬಂದು ತುಮಕೂರಿನ ಬಸ್ಸು ಹತ್ತಿದೆವು. ನಾನು ನೋಡಬೇಕಿದ್ದ ಮನೆಯ ವಿಷಯ ಇಬ್ಬರಿಗೂ ಮರೆತೇಹೋಗಿತ್ತು.

ಮುಂದಿನ ವಾರ ಹೊಸೂರಿಗೂ ಅವರೇ ಜೊತೆಗೆ ಬಂದರು. ಬೆಂಗಳೂರಿನ ಟ್ರಾಫಿಕ್ಕಿಗೆ ಹೆದರಿ ನನ್ನ ಕಾರು ತೆಗೆಯಲಿಲ್ಲ. ತುಮಕೂರಿನಿಂದ ಬೆಂಗಳೂರು, ಅಲ್ಲಿಂದ ಮೆಟ್ರೋ, ಮತ್ತೊಂದು ಬಸ್ಸು, ಹೋಗುವಷ್ಟರಲ್ಲಿ ಇಬ್ಬರ ಸೊಂಟವೂ ಬಿದ್ದುಹೋಗಿತ್ತು. ಫ್ಲ್ಯಾಟು ಚೆನ್ನಾಗಿತ್ತು. ಫ್ಯಾಕ್ಟರಿಯ ಶಿಫ್ಟ್ ಮುಗಿಸಿ ಬಂದಿದ್ದ ರಾಂಚಿ ಕಡೆಯ ಹುಡುಗನೊಬ್ಬ ಅದರಲ್ಲಿ ಬಾಡಿಗೆಗಿದ್ದ. ನಾನು ಕೊಂಡರೆ ಅವನೇ ನನ್ನ ಬಾಡಿಗೆದಾರ. ಓನರ್ರು ನಲ್ಲಿ ತಿರುಗಿಸಿದರು, ಗೋಡೆ ಕುಟ್ಟಿದರು, ಆಮೇಲೆ ಅಭ್ಯಾಸದಂತೆ ಅವನನ್ನು "ಯಾವೂರಪ್ಪ?" ಎಂದು ಕೇಳಿದರು. ಹುಡುಗ ಏಜೆಂಟನ ಮುಖ ನೋಡಿದ. ಏಜೆಂಟ್ ಹಿಂದಿಯಲ್ಲಿ ಹೇಳಿದ ಮೇಲೆ ಅವನು ಊರಿನ ಹೆಸರು ಹೇಳಿದ. ಆ ಹೆಸರು ಹಿಡಿದು ಮುಂದಕ್ಕೆ ಕೇಳಲು ಓನರ್ರಿಗೆ ಏನೂ ತೋಚಲಿಲ್ಲ. ಹುಡುಗ ಮರ್ಯಾದೆಯಿಂದಲೇ ಬಾಗಿಲ ಹತ್ತಿರ ನಿಂತಿದ್ದ, ನಾವು ಹೊರಟರೆ ಮಲಗಬೇಕೆಂದು.

"ನೀವು ಇಲ್ಲಿಗೆ ಬರೋದೇ ಬೇಕಾಗಿಲ್ಲ ಸಾರ್," ಎಂದ ಏಜೆಂಟ್. "ಬಾಡಿಗೆ ಅಕೌಂಟಿಗೆ ಬರುತ್ತೆ. ರಿಪೇರಿ ನಾವು ನೋಡ್ಕೊಳ್ತೀವಿ. ಖಾಲಿ ಮಾಡಿಸ್ಬೇಕಾ, ಒಂದು ಫೋನ್ ಮಾಡಿ ಸಾಕು."

"ಬರೋದೇ ಬೇಕಿಲ್ವಾ?" ಎಂದು ಓನರ್ರು ಕೇಳಿದರು. ಲಿಫ್ಟಿನಲ್ಲಿ ಇಳಿಯುವಾಗ ಮತ್ತೊಮ್ಮೆ ಅದನ್ನೇ ಕೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ನನಗೆ ಬುದ್ಧಿ ಹೇಳಿದರು. "ಇದ್ನೇ ತಗೋ. ಯಾವನು ಏನು ಅಂತ ತಿಳ್ಕೊಳ್ಳೋಕೆ ಹೋಗ್ಬೇಡ. ಗುಬ್ಬೀಲಿ ತಗೊಂಡ್ರೆ ನೀನೂ ನನ್ನಂಗೇ ಆಗ್ತೀಯ. ಗೊತ್ತಿಲ್ದೋರಿಗೆ ಮನೆ ಕೊಟ್ರೆ ಮನೆ ನಿಂದಾಗೇ ಇರ್ತದೆ." ಅವರು ಇಷ್ಟು ಖಡಕ್ಕಾಗಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಮಾತು ಮುಗಿಸಿ ನಿದ್ದೆ ಹೋದರು, ತಲೆ ನನ್ನ ಭುಜಕ್ಕೆ ಬಿತ್ತು. ಆ ಮನುಷ್ಯ ಎಷ್ಟು ದಣಿದಿದ್ದಾರೆ ಎಂದು ನನಗೆ ಅವತ್ತು ಗೊತ್ತಾಯಿತು. ನನಗೆ ಅವರ ಮೇಲೆ ಪ್ರೀತಿ ಇತ್ತು. ಇಷ್ಟು ವರ್ಷ ಕಿಟಕಿಯಾಚೆ ಈಚೆ ಕೂತಿದ್ದರೂ ಅದನ್ನು ಹೇಳಿರಲಿಲ್ಲ, ಅವತ್ತೂ ಹೇಳಲಿಲ್ಲ. ಹೊಸೂರನ್ನೇ ತೆಗೆದುಕೊಳ್ಳುವುದೆಂದು ಮನಸ್ಸು ಮಾಡಿದೆ. ಟೋಕನ್ ಹಣ ಹಾಕಲು ದಿನವೂ ನಿಗದಿಯಾಯಿತು.

ಆ ದಿನಕ್ಕೆ ಮೊದಲೇ ಒಂದು ಬೆಳಿಗ್ಗೆ ಅವರ ಹೆಂಡತಿಯಿಂದ ಫೋನ್ ಬಂತು. ಸ್ನಾನಕ್ಕೆ ಹೋದವರು ಎದೆ ಹಿಡಿದುಕೊಂಡು ಕುಸಿದಿದ್ದರು. ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವರ ತುಮಕೂರಿನ ಓನರ್ ಆಸ್ಪತ್ರೆಗೇ ಬಂದಿದ್ದರು. ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, "ತಪ್ಪು ತಿಳ್ಕೋಬೇಡಿ. ಬಾಡಿ ಮನೆಗೆ ತರೋದು ಬೇಡ. ಇವತ್ತಿನ ನಕ್ಷತ್ರ ಸರಿ ಇಲ್ವಂತೆ, ಮನೆ ತಿಂಗಳುಗಟ್ಲೆ ಮುಚ್ಚಬೇಕಾಗ್ತದೆ. ಮಹಡಿ ಮೇಲೆ ಸೊಸೆ ಬೇರೆ ಬಸುರಿ" ಎಂದರು. ಕೈ ಮುಗಿದುಕೊಂಡೇ ಹೇಳಿದರು. ಬಾಡಿಗೆ ಮನೆಗೆ ಹೆಣ ತರಲು ಬಿಡುವ ಓನರುಗಳು ಎಷ್ಟು ಮಂದಿ ಇದ್ದಾರೆ? ಅವರನ್ನು ಬೈಯಲೂ ನನ್ನಲ್ಲಿ ಶಕ್ತಿ ಇರಲಿಲ್ಲ. ನಮ್ಮ ಜನರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ನೆಂಟರು ಬಂದು ನೋಡುವವರೆಗೆ, ಪೂಜೆ ಮುಗಿಯುವವರೆಗೆ ಬೆನ್ನಿಗೊಂದು ಗೋಡೆ ಬೇಕು. ಆ ಗೋಡೆಯೇ ಇರಲಿಲ್ಲ. ದಾವಣಗೆರೆಯಿಂದ ಮಗಳು ಹೊರಟಿದ್ದಳು. ಆಂಬುಲೆನ್ಸಿನವನು ಎಲ್ಲಿಗೆ ಎಂದು ಕೇಳುತ್ತಿದ್ದ. ಅವರ ಹೆಂಡತಿ ಬೆಂಚಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು.

ನಾನು ಮಹೇಶನಿಗೆ ಫೋನ್ ಮಾಡಿದೆ. ಹೇಗೆ ಕೇಳುವುದೆಂದು ತಿಳಿಯದೆ ತೊದಲಿದೆ. ಅವನು ಅಳುತ್ತಲೇ, "ಕೇಳೋದೇನಣ್ಣ ಅದ್ರಲ್ಲಿ? ಮಾವನ್ನ ಇಲ್ಲಿಗೇ ಕರ್ಕೊಂಬನ್ನಿ" ಎಂದ.

ಸುಮಳನ್ನೂ ಅಮ್ಮನನ್ನೂ ಕಾರಿನಲ್ಲಿ ಕೂರಿಸಿಕೊಂಡು ನಾನು ಆಂಬುಲೆನ್ಸಿನ ಹಿಂದೆಯೇ ಹೋದೆ. ನಾವು ಮುಟ್ಟುವಷ್ಟರಲ್ಲಿ ಮಹೇಶ ಟೀವಿ, ಬೀರು, ಕುರ್ಚಿಗಳನ್ನು ಬೀದಿಗೆ ಇಟ್ಟಿದ್ದ. ತಾಯಿಯ ಮಂಚವನ್ನು ಅಡುಗೆಮನೆಗೆ ಸಾಗಿಸಿದ್ದ. ನಡುಮನೆ ಖಾಲಿ ಮಾಡಿ ತೊಳೆದಿದ್ದ. ಅಯ್ನೋರು ಬಂದು ವಿಭೂತಿ ಹಚ್ಚಿ ಕೂರಿಸಲು ನೋಡಿದರೆ ತಲೆ ಒಂದು ಕಡೆ ವಾಲುತ್ತಿತ್ತು. ಬಟ್ಟೆ ಕಟ್ಟಿ ಹಿಡಿದಿಡಲು ಗೋಡೆಯಲ್ಲಿ ಏನೂ ಇರಲಿಲ್ಲ. ಮಹೇಶ ಅಂಗಡಿಯಿಂದ ಸುತ್ತಿಗೆ ತಂದವನು ಗೋಡೆಯ ಮುಂದೆ ನಿಂತುಬಿಟ್ಟ.

"ಅತ್ತೆ, ಇಲ್ಲೊಂದು ಮೊಳೆ ಹೊಡೀಲಾ?" ಎಂದ.

ಅವರ ಹೆಂಡತಿ ಅಲ್ಲಿಯವರೆಗೆ ಅತ್ತಿರಲಿಲ್ಲ. "ಹೊಡಿಯಪ್ಪ," ಎಂದರು. "ಮದ್ವೆಯಾದಾಗಿಂದ ಒಂದು ಮೊಳೆ ಹೊಡೆಯೋಕೂ ಯಾರ್ಯಾರನ್ನೋ ಕೇಳಿವಿ. ಇದು ನಮ್ದೇ ಗೋಡೆ, ಹೊಡಿ." ಆಮೇಲೆ ಅತ್ತರು. ನನಗೂ ಅಳು ಬಂತು.

ಸಂಜೆಗೆ ಗುಬ್ಬಿಯ ರುದ್ರಭೂಮಿಯಲ್ಲಿ ಎಲ್ಲ ಮುಗಿಯಿತು. ಹನ್ನೊಂದರ ಕಾರ್ಯ ಮುಗಿಯುವವರೆಗೆ ಅತ್ತೆ ಇಲ್ಲೇ ಇರಲಿ ಎಂದು ಮಹೇಶ ಹೇಳಿದ. ಆಕೆ ಈಗಲೂ ಅಲ್ಲೇ ಇದ್ದಾರೆ, ಮುಂದಿನ ಕೋಣೆಯಲ್ಲಿ. ಅವನೂ ಖಾಲಿ ಮಾಡಿಲ್ಲ, ಆಕೆಯೂ ಮಾಡು ಎಂದಿಲ್ಲ. ಬಾಡಿಗೆ ಕೊಡುತ್ತಿದ್ದಾನೋ ಇಲ್ಲವೋ ನಾನು ಕೇಳಲು ಹೋಗಿಲ್ಲ.

ಅವತ್ತು ನಾವು ಕಾರಿನಲ್ಲಿ ವಾಪಸು ಬರುತ್ತಿದ್ದೆವು. ಹೊಸೂರಿನ ಏಜೆಂಟನ ಫೋನ್ ಬಂತು. ಟೋಕನ್ ಹಣ ನಾಳೆ ತಪ್ಪಿಸಬೇಡಿ, ಬೇರೆ ಪಾರ್ಟಿ ಕೇಳುತ್ತಿದ್ದಾರೆ ಎಂದ. ಆಮೇಲೆ ಮಾಡುತ್ತೇನೆ ಎಂದು ಇಟ್ಟೆ.

"ಯಾರ್ಲಾ ಅದು?" ಎಂದಳು ಅಮ್ಮ, ಹಿಂದಿನ ಸೀಟಿನಿಂದ.

"ಹೊಸೂರು ಮನೇದು ಕಣಮ್ಮ."

ಅಮ್ಮ ಮುಂದಕ್ಕೆ ಬಾಗಿ ನನ್ನ ಸೀಟು ಹಿಡಿದುಕೊಂಡಳು.

"ಅಷ್ಟು ದೂರ ನನ್ನ ಕರ್ಕೊಂಡೋಗೋಕೆ ಆಗ್ತದಾ ನಿಂಗೆ?"

ಮನೆ ತೋರಿಸಲು ಕರೆದುಕೊಂಡು ಹೋಗು ಎನ್ನುತ್ತಿದ್ದಾಳೆ ಎಂದುಕೊಂಡು ನಾನು, "ಯಾಕಾಗಲ್ಲ, ಕಾರಲ್ಲೇ ಹೋಗಿ ಬರೋಣ" ಎಂದೆ. ಸುಮ ನನ್ನ ತೋಳು ಹಿಡಿದಳು.

"ಹೋಗಿ ಬರೋದಲ್ಲ ಕಣಪ್ಪ," ಎಂದಳು ಅಮ್ಮ. "ಅಲ್ಲಿರೋ ಹುಡುಗ ಬಾಗ್ಲು ತೆಗೀತಾನಾ, ನನ್ನ ಗೋಡೆಗೆ ಒರಗಿಸಿ ಕೂರಿಸೋಕೆ?"

ತುಮಕೂರಿನ ಗುಬ್ಬಿ ಗೇಟ್ ಬರುವಷ್ಟರಲ್ಲಿ ಗಾಡಿ ಪಕ್ಕಕ್ಕೆ ಹಾಕಿ, ಏಜೆಂಟನಿಗೆ ಫೋನ್ ಮಾಡಿ ಆ ಫ್ಲ್ಯಾಟು ಬೇಡ ಎಂದೆ.